ಕುರಿಹಟ್ಟಿಯಿಂದ ಗ್ರೀಕ್ ನಾಟಕಕ್ಕೆ



ಪ್ರಾಚೀನ ವಿಶ್ವಸಾಹಿತ್ಯದ ಪಾಠವು ಬಹುಮಟ್ಟಿಗೆ ಹೆಸರುಗಳ ಪಟ್ಟಿಯಾಗಿಯೇ ಮುಗಿಯುತ್ತದೆ. ಮಾಡಗ್ಯಾಳದ ತರಗತಿಯಲ್ಲಿ ಹಾಗಾಗಬೇಕಿಲ್ಲ. ಉಬ್ಬುಮೂಗಿನ ಮಾಡಗ್ಯಾಳ ಕುರಿಯ ಬೆಲೆ ಬಲ್ಲ ಮಕ್ಕಳಿಗೆ ಸೊಫೋಕ್ಲೀಸನ ‘ಅಜಾಕ್ಸ್’ ದೂರದ ನಾಟಕವಲ್ಲ. ಟ್ರಾಯ್ ಯುದ್ಧದಲ್ಲಿ ಮಡಿದ ಅಕಿಲೀಸನ ಆಯುಧಗಳು ತನಗೆ ದಕ್ಕಲಿಲ್ಲವೆಂದು ಕೆರಳಿದ ವೀರ ಅಜಾಕ್ಸ್, ಅಥೀನಾ ದೇವಿ ಕವಿಸಿದ ಭ್ರಮೆಯಲ್ಲಿ, ಸ್ವಪಕ್ಷದ ನಾಯಕರೆಂದೇ ತಿಳಿದು ದನಕುರಿಗಳನ್ನೂ ಅವುಗಳ ಕಾವಲುಗಾರರನ್ನೂ ಕೊಲ್ಲುತ್ತಾನೆ. ಅರಿವು ಮರಳಿದಾಗ ನಾಚಿಕೆ ತಾಳದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ.

ಇದನ್ನೇ ಆಧರಿಸಿ ಬಿ.ಎಂ.ಶ್ರೀಯವರು 1929ರಲ್ಲಿ ‘ಅಶ್ವತ್ಥಾಮನ್’ ಪ್ರಕಟಿಸಿದರು. ಚಿರಂಜೀವಿಯೆನಿಸಿದವನನ್ನು ಸಾಯಿಸಿದ್ದು ಸರಿಯೇ? ಚರ್ಚೆ ಮಕ್ಕಳದೇ ಆಗಲಿ. ಶಿಕ್ಷಕರು ತೀರ್ಪನ್ನು ಮೊದಲೇ ಹೇಳಿಬಿಡಬಾರದು. ಕುರಿಗಾರರ ಮನೆಯ ಮಗು ಬೇರೆಯದನ್ನೇ ಕೇಳೀತು: ಸತ್ತ ಕಾವಲುಗಾರರ ಮನೆಯವರ ಗತಿಯೇನು? ಅದು ಪಾಠದಾಚೆಯದೆಂದು ತಳ್ಳದೆ, ಅಂದಿನ ತಾಸನ್ನು ಆ ಪ್ರಶ್ನೆಗೇ ಬಿಟ್ಟುಕೊಡಬೇಕು.