ಸಿಡಿಲು, ಗುಡ್ಡ ಮತ್ತು ವಿದ್ಯುತ್ ತಂತಿ

(ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗುಡುಗು ಕೇಳಿಸಿದೊಡನೆ ಕರೆಂಟು ಹೋಗುತ್ತದೆ. ಮಗ್ಗ ನಿಲ್ಲುತ್ತದೆ, ಹಿಟ್ಟಿನ ಗಿರಣಿ ನಿಲ್ಲುತ್ತದೆ. ವಿಚಾರಿಸಿದರೆ "ಸಿಡಿಲು ಬಡಿಯಿತು, ದೈವೇಚ್ಛೆ" ಎಂಬ ಉತ್ತರ ಬರುತ್ತದೆ. ಇದು ಅರ್ಧ ಸತ್ಯ. ಉಳಿದರ್ಧ ನೆಲದಲ್ಲಿದೆ. ನಷ್ಟ ಹೊರುವವರು ನಾವಾದ್ದರಿಂದ ಅದನ್ನೂ ನಾವು ತಿಳಿದಿರಬೇಕು.

ನಮ್ಮ ನಾಡಿಗೆ ಉದ್ದನೆಯ ವಿದ್ಯುತ್ ತಂತಿ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ತಂತಿ ಎಳೆದರು. ತಂತಿ ಉದ್ದವಾದಷ್ಟೂ ಸಿಡಿಲಿಗೆ ಸಿಕ್ಕುವ ಜಾಗ ಹೆಚ್ಚು. ಅದು ಬಂಡೆಗಲ್ಲಿನ ಸೀಮೆಯನ್ನು ದಾಟಿದರೆ ತೊಂದರೆ ಇನ್ನೂ ಹೆಚ್ಚು. ಏಕೆಂಬುದನ್ನು ಈಗ ನೋಡೋಣ.

ಮೊದಲು ಹವೆ. ಮಳೆ ಹೆಚ್ಚಿದ್ದಲ್ಲಿ ಸಿಡಿಲೂ ಹೆಚ್ಚೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಕಾದು, ತೇವದ ಗಾಳಿ ರಭಸದಿಂದ ಮೇಲೇರಿ, ಸಂಜೆಯ ಹೊತ್ತಿಗೆ ಬೆಟ್ಟದಂಥ ಮೋಡ ಕಟ್ಟುತ್ತದೆ. ಅದರೊಳಗೆ ಮಂಜಿನ ಹರಳುಗಳೂ ಆಲಿಕಲ್ಲುಗಳೂ ತಿಕ್ಕಾಡಿ ವಿದ್ಯುತ್ತು ಬೇರೆಬೇರೆಯಾಗುತ್ತದೆ. ಆಷಾಢದಲ್ಲಿ ಆಗುಂಬೆಯ ಕಡೆ ಎಡೆಬಿಡದೆ ಸುರಿಯುವ ಮೋಡ ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಅಲ್ಲಿ ಆಗ ಸಿಡಿಲು ಕಡಿಮೆ.

ಇನ್ನು ನೆಲ. ಗುಡ್ಡದ ನೆತ್ತಿಯ ಮೇಲಿನ ಕಂಬಕ್ಕೆ ಸಿಡಿಲು ಬೇಗ ಸಿಕ್ಕುತ್ತದೆ. ಕಣಿವೆಯಲ್ಲಿ ಎತ್ತರದ ಮರಗಳ ನಡುವೆ ಹೋಗುವ ತಂತಿಗೆ ಮರೆಯಿದೆ. ದೊಡ್ಡ ಲೈನುಗಳಲ್ಲಿ ಕರೆಂಟಿನ ತಂತಿಗಳಿಗಿಂತ ಮೇಲೆ ಒಂದು ರಕ್ಷಣೆಯ ತಂತಿ ಕಟ್ಟಿರುತ್ತಾರೆ. ಸಿಡಿಲು ಅದಕ್ಕೆ ಬಡಿದು, ಗೋಪುರದ ಮೂಲಕ ಭೂಮಿಗೆ ಇಳಿಯಬೇಕು.

ಇಳಿಯಲು ಭೂಮಿ ದಾರಿ ಕೊಡಬೇಕಷ್ಟೆ. ಲೆಕ್ಕ ಸುಲಭ. ಸಾಮಾನ್ಯ ಸಿಡಿಲು ಸುಮಾರು 30,000 ಆಂಪಿಯರಿನದು. ಗೋಪುರದ ಬುಡದ ರೋಧ 10 ಓಮ್ ಇದ್ದರೆ 3 ಲಕ್ಷ ವೋಲ್ಟ್ ಏಳುತ್ತದೆ. 50 ಓಮ್ ಇದ್ದರೆ 15 ಲಕ್ಷ. ಆಗ ಸಿಡಿಲು ಕೆಳಗಿಳಿಯದೆ ಪಿಂಗಾಣಿಯನ್ನು ಹಾರಿ ಕರೆಂಟಿನ ತಂತಿಗೇ ನುಗ್ಗುತ್ತದೆ, ಲೈನು ಕಡಿದುಹೋಗುತ್ತದೆ.

ತೇವದ ಎರೆಮಣ್ಣು ಸಿಡಿಲನ್ನು ಸುಲಭವಾಗಿ ನುಂಗುತ್ತದೆ. ರಾಮನಗರ, ಕೋಲಾರದ ಕಡೆಯ ಕಗ್ಗಲ್ಲು ನುಂಗದು. ಇನ್ನೊಂದು ಮಾತು: ಸಿಡಿಲು ಜೋರಾಗುವುದು ಮುಂಗಾರಿಗೆ ಮೊದಲು, ಅಂದರೆ ಮಣ್ಣು ಒಣಗಿ ಬಿರುಕು ಬಿಟ್ಟಿರುವಾಗ. ಮಳೆಗಾಲದಲ್ಲಿ ಅಳೆದು "ಅರ್ಥಿಂಗ್ ಸರಿಯಿದೆ" ಎಂದರೆ ಸಾಲದು, ಬೇಸಿಗೆಯಲ್ಲಿ ಅಳೆಯಬೇಕು. ಕಲ್ಲುನೆಲದಲ್ಲಿ ಗೋಪುರದ ಬುಡದಿಂದ ಉದ್ದಕ್ಕೂ ತಂತಿ ಹೂಳಿ ರೋಧ ತಗ್ಗಿಸುವ ಉಪಾಯವಿದೆ.

ನಮ್ಮ ಪೇಟೆಗೆ ಬರುವ 11 ಕಿಲೋವೋಲ್ಟ್ ಲೈನಿನ ಪಾಡು ಬೇರೆ. ಅದರ ಪಿಂಗಾಣಿ ಚಿಕ್ಕದು. ಪಕ್ಕದ ಮರಕ್ಕೆ ಸಿಡಿಲು ಬಡಿದರೂ ಅದು ಸೋಲಬಹುದು. ಆದ್ದರಿಂದ ಟ್ರಾನ್ಸ್‌ಫಾರ್ಮರಿನ ಬಳಿ ಸಿಡಿಲು ತಡೆಯುವ ಸಾಧನ ಇರಬೇಕು, ಅದರ ಅರ್ಥಿಂಗ್ ಗಟ್ಟಿಯಾಗಿರಬೇಕು.

ಲೈನ್‌ಮನ್ ಸೋದರರನ್ನು ಮರೆಯಬಾರದು. ಮೈಲಿಗಳಾಚೆ ಬಡಿದ ಸಿಡಿಲೂ ತಂತಿಗುಂಟ ಓಡಿ ಬರುತ್ತದೆ. ಕರೆಂಟು ತೆಗೆದಿದ್ದರೂ ಅಪಾಯ ತಪ್ಪದು. ಗುಡುಗುತ್ತಿರುವಾಗ ಅವರನ್ನು ಕಂಬ ಹತ್ತಿರೆಂದು ನಾವು ಅವಸರಪಡಿಸಬಾರದು, ಯಾವ ಅಧಿಕಾರಿಯೂ ಒತ್ತಾಯಿಸಬಾರದು. ಬಿದ್ದ ತಂತಿಯನ್ನು ಯಾರೂ ಮುಟ್ಟಬಾರದು.

ಹಾಗಾದರೆ ನಾವು ಕೇಳಬೇಕಾದ್ದು ಮೂರು. ನಮ್ಮ ಲೈನಿನ ಅರ್ಥಿಂಗನ್ನು ಈ ಬೇಸಿಗೆಯಲ್ಲಿ ಅಳೆದಿದ್ದೀರಾ? ಒಡೆದ ಪಿಂಗಾಣಿ ಬದಲಿಸಿದ್ದೀರಾ? ಟ್ರಾನ್ಸ್‌ಫಾರ್ಮರಿನ ಸಿಡಿಲು ತಡೆ ಕೆಲಸ ಮಾಡುತ್ತಿದೆಯೇ? ಒಬ್ಬೊಬ್ಬರೇ ಹೋದರೆ ಬಾಗಿಲಲ್ಲೇ ಉತ್ತರ ಸಿಗುತ್ತದೆ. ಕಾರ್ಮಿಕರೂ ಅಂಗಡಿಕಾರರೂ ಸಹಿ ಹಾಕಿದ ಒಂದೇ ಅರ್ಜಿಯೊಡನೆ, ಮೊದಲ ಗುಡುಗಿಗೆ ಮುನ್ನವೇ ಹೋಗೋಣ. ಸಿಡಿಲನ್ನು ಯಾರೂ ತಡೆಯಲಾರರು. ಅದು ಇಳಿಯುವ ದಾರಿಯನ್ನು ಸರಿಯಾಗಿಡುವುದು ಮನುಷ್ಯರ ಕೆಲಸ. ಆ ಕೆಲಸ ಆಗುವವರೆಗೆ ಕೇಳುತ್ತಲೇ ಇರೋಣ.