ಗಾಳಿ ತೊಳೆಯುವ ನೇರಳೆ ಬೆಳಕು

ಮಕ್ಕಳೇ, ದೀಪಾವಳಿಯಲ್ಲಿ ಸುರ್‌ಸುರ್ ಬತ್ತಿ ಹಚ್ಚಿದಾಗ ಒಂದೆರಡು ಕಿಡಿ ನಿಮ್ಮ ಕೈಮೇಲೂ ಬಿದ್ದಿರಬೇಕಲ್ಲ? ಚುರುಕ್ ಅಂದಿತು, ಅಷ್ಟೇ. ಆ ಕಿಡಿ ಕುದಿಯುವ ನೀರಿಗಿಂತ ಎಷ್ಟೋ ಬಿಸಿ. ಆದರೂ ಬೊಬ್ಬೆ ಏಳಲಿಲ್ಲ, ಏಕೆ? ಅದು ಸಾಸಿವೆ ಕಾಳಿಗಿಂತ ಚಿಕ್ಕದು. ಅಷ್ಟು ಪುಟಾಣಿ ಹೊಟ್ಟೆಯಲ್ಲಿ ಎಷ್ಟು ಬಿಸಿ ತಾನೇ ಹಿಡಿದೀತು? ಈ ಗುಟ್ಟನ್ನು ಜೇಬಿನಲ್ಲಿಟ್ಟುಕೊಳ್ಳಿ, ಬೇಕಾಗುತ್ತದೆ.

ಈಗ ಲಾರಿಯ ಹೊಗೆಯ ಕಡೆ ಬನ್ನಿ. ಅದರಲ್ಲಿ ಕಣ್ಣಿಗೆ ಕಾಣದ ಒಂದು ತುಂಟ ಜೋಡಿ ಇದೆ. ಒಂದು ಸಾರಜನಕ, ಒಂದು ಆಮ್ಲಜನಕ, ಕೈಕೈ ಹಿಡಿದುಕೊಂಡಿವೆ. ಹೆಸರು ನೈಟ್ರಿಕ್ ಆಕ್ಸೈಡ್. ನಾವು ಉಸಿರಾಡುವ ಗಾಳಿಯ 100 ಪಾಲಿನಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕವೇ. ತಂತಮ್ಮವರ ಜೊತೆಗಿದ್ದಾಗ ಎರಡೂ ಸಾಧು. ಹೀಗೆ ಜೋಡಿಯಾದಾಗ ಮಾತ್ರ ಎದೆಗೂಡಿಗೆ ತೊಂದರೆ. ಹಾಗಾದರೆ ಜೋಡಿ ಬಿಡಿಸಿದರಾಯಿತಲ್ಲ?

ಬಿಡಿಸುವುದು ಹೇಗೆಂದು ನೋಡೋಣ. ಒಂದು ಗಾಜಿನ ಕೊಳವೆ. ನಡುವೆ ಕಡ್ಡಿಯಂಥ ತಂತಿ, ಹೊರಗೆ ಲೋಹದ ತೆಳು ಹಾಳೆಯ ಸುತ್ತು. ಒಳಗೆ ಹೊಗೆ ಹರಿಯುತ್ತಿದೆ. ಸಾವಿರಾರು ವೋಲ್ಟಿನ ವಿದ್ಯುತ್ ಕೊಟ್ಟು ಕೋಣೆಯ ದೀಪ ಆರಿಸಿದರೆ, ಕೊಳವೆಯ ತುಂಬ ನಸು ನೇರಳೆ ಬೆಳಕು! ಇದೇ ಪ್ಲಾಸ್ಮಾ. ಎಲ್‌ಇಡಿ ಅಲ್ಲದ ಹಳೆಯ ಬಗೆಯ ಟ್ಯೂಬ್‌ಲೈಟಿನೊಳಗೂ ಇದರ ತಮ್ಮನೊಬ್ಬ ಇದ್ದಾನೆ.

ಆ ಬೆಳಕಿನಲ್ಲಿ ಎಲೆಕ್ಟ್ರಾನ್‌ಗಳೆಂಬ ವಿದ್ಯುತ್ತಿನ ಪುಟ್ಟ ಕಣಗಳು ಓಡುತ್ತಿರುತ್ತವೆ. 25,000 ಎಲೆಕ್ಟ್ರಾನ್‌ಗಳನ್ನು ತಕ್ಕಡಿಗೆ ಹಾಕಿದರೂ ಒಂದು ಸಾರಜನಕ ಪರಮಾಣುವಿಗೆ ತೂಗುವುದಿಲ್ಲ, ಅಷ್ಟು ಹಗುರ! ಜೇಬಿನ ಗುಟ್ಟು ತೆಗೆಯಿರಿ. ಎಲೆಕ್ಟ್ರಾನ್‌ಗಳ ಬಿಸಿ ಹತ್ತಾರು ಸಾವಿರ ಡಿಗ್ರಿ. ಸುತ್ತಲ ಗಾಳಿ ಮಾತ್ರ ಹೆಚ್ಚು ಕಾಯುವುದಿಲ್ಲ. ಕಿಡಿ ಬಿದ್ದರೂ ಕೈ ಸುಡದ ಹಾಗೆ.

ಈ ಪುಟಾಣಿಗಳು ಶಾಲೆಯ ಬಯಲಿನಲ್ಲಿ ಕೈಹಿಡಿದು ನಿಂತ ಮಕ್ಕಳ ನಡುವೆ ನುಗ್ಗುವ ಪೋರರಂತೆ. ಡಿಕ್ಕಿ ಹೊಡೆದಾಗ ಕೆಲವು ಸಾರಜನಕ ಒಂಟಿಯಾಗುತ್ತವೆ. ಅಂಥದ್ದೊಂದು ಬಂದು ತುಂಟ ಜೋಡಿಯ ಸಾರಜನಕದ ಕೈ ಹಿಡಿದರೆ, ಎರಡು ಸಾರಜನಕ ಸೇರಿ ಮತ್ತೆ ಸಾಧು ಗಾಳಿ!

ಎಲ್ಲ ಜೋಡಿಯೂ ಇಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೆಲವು ಇನ್ನೊಂದು ಆಮ್ಲಜನಕವನ್ನೂ ಸೇರಿಸಿಕೊಂಡು ಮೂವರಾಗುತ್ತವೆ. ಅವನ್ನು ಹೀರಿಕೊಳ್ಳುವ ಪುಡಿಯ ಮೂಲಕ ಹಾಯಿಸಿ ಹಿಡಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡೀಸೆಲ್ ಹೊಗೆಯನ್ನು ಹೀಗೆ ಮೊದಲು ಪ್ಲಾಸ್ಮಾದಲ್ಲಿ, ಆಮೇಲೆ ಪುಡಿಯಲ್ಲಿ ಸೋಸಿ ನೋಡಿದ್ದಾರೆ.

ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅಷ್ಟು ವೋಲ್ಟಿನ ವಿದ್ಯುತ್ ಜೀವಕ್ಕೇ ಅಪಾಯ. ಎಲ್ಲಾದರೂ ಹಳೆಯ ಬಗೆಯ ಟ್ಯೂಬ್‌ಲೈಟ್ ಹೊತ್ತಿಕೊಂಡಾಗ ತಲೆಯೆತ್ತಿ ನೋಡಿ. ಆ ಪೋರರು ಅಲ್ಲೂ ಓಡುತ್ತಿರುತ್ತಾರೆ.