ಸೆನ್ಸರ್ ಕೂಡಿಸಿದ ಮೇಲೆ ಸದ್ದು ಬಂದರೆ



ಕ್ರ್ಯಾಂಕ್ ಸೆನ್ಸರ್ ಬಿಚ್ಚಿ ಮತ್ತೆ ಕೂಡಿಸಿದೊಡನೆ ಎಂಜಿನ್ನಿನಲ್ಲಿ ಹೊಸ ಸದ್ದು ಕೇಳಿಸಿದರೆ, ನಾವು ಮೊದಲು ಮಾಡತಕ್ಕದ್ದು ಎಂಜಿನ್ ನಿಲ್ಲಿಸುವುದು. ಸೆನ್ಸರಿನ ತುದಿಗೂ ಹಲ್ಲುಚಕ್ರಕ್ಕೂ ನಡುವಿನ ಸಂದು ಅನೇಕ ಗಾಡಿಗಳಲ್ಲಿ ಸುಮಾರು 1 ಮಿಲಿಮೀಟರ್ ಮಾತ್ರ. ವೇಗದೊಡನೆ ಏರುವ ಟಕಟಕ ಸದ್ದಾದರೆ ಸೆನ್ಸರ್ ಹೊರತೆಗೆದು ತುದಿ ನೋಡೋಣ. ಉಜ್ಜಿದ ಗುರುತಿದ್ದರೆ ಚಕ್ರ ತಗಲುತ್ತಿದೆ. ಸೆನ್ಸರ್ ಬೇರೆ ಉದ್ದದ್ದೋ, ವಾಷರ್ ಬಿಟ್ಟುಹೋಗಿದೆಯೋ, ಚಕ್ರವೇ ಓಲಾಡುತ್ತಿದೆಯೋ ಪರೀಕ್ಷಿಸಬೇಕು.

ಗುರುತಿಲ್ಲವೇ? ಟೈಮಿಂಗ್ ಬೆಲ್ಟನ್ನೂ ಬಿಚ್ಚಿದ್ದರೆ, ಎಂಜಿನ್ನನ್ನು ಪಾನಾ ಹಾಕಿ ಕೈಯಿಂದಲೇ ತಿರುಗಿಸಿ ಟೈಮಿಂಗ್ ಗುರುತು ಕೂಡಿಸಿ ನೋಡಬೇಕು. ಬೆಲ್ಟ್ ಹಲ್ಲು ತಪ್ಪಿದ್ದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ತಿರುಗಿಸುವಾಗ ತಡೆದರೆ ಬಲ ಹಾಕಕೂಡದು.

ಗಾಡಿಯವರು ಎಷ್ಟೇ ಅವಸರಪಡಿಸಲಿ, ಸದ್ದಿನ ಮೂಲ ಸಿಗದೆ ಸ್ಟಾರ್ಟ್ ಮಾಡುವುದು ಬೇಡ. ಎಂಜಿನ್ ಒಡೆದರೆ ಹೊಣೆ ಬೀಳುವುದು ನಮ್ಮ ಸಂಬಳದ ಮೇಲೆಯೇ ಅಲ್ಲವೇ?